ಆಷಾಢಕ್ಕೆ ಕಾದಿದೆ ವ್ಯಾಕರಣ

ವೈಶಾಖ ಬಂತೆಂದರೆ ಜರ್ಮನ್ ಕಲಿಯುವವರ ಕಥೆ ಮುಗಿಯಿತು. ಇವತ್ತು ಮದುವೆ, ನಾಳೆ ಬೀಗರೂಟ, ನಾಡಿದ್ದು ಗೃಹಪ್ರವೇಶ. ಕಲಿತದ್ದನ್ನು ಮೆಲುಕು ಹಾಕದಿದ್ದರೆ ಒಂದೇ ದಿನದಲ್ಲಿ ಬಹುಪಾಲು ಮರೆಯುತ್ತದೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿಟ್ಟ. ಪುಣ್ಯಾತ್ಮ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರು ಹೊಡೆದು ತನ್ನ ಮೇಲೇ ಪ್ರಯೋಗ ಮಾಡಿಕೊಂಡ. ಅವನಿಗೇನು, ಛತ್ರದಲ್ಲಿ ಹೋಳಿಗೆಗೆ ತುಪ್ಪ ಬಡಿಸುವ ಕೆಲಸವಿತ್ತೇ?

ನಮ್ಮ ಅತ್ತಿಗೆ ಮಾತ್ರ ಗಟ್ಟಿಗಿತ್ತಿ. ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡನೇ ಪಂಕ್ತಿಗೆ ಕಾಯುತ್ತಾ, ಕಿವಿಗೆ ಇಯರ್‌ಫೋನ್ ತುರುಕಿಕೊಂಡು "ಡೇರ್, ಡೀ, ದಾಸ್" ಎಂದು ಜರ್ಮನ್ ಪಾಠ ಗೊಣಗುತ್ತಿದ್ದರು. ಪಕ್ಕದ ಅಜ್ಜಿ, "ಯಾವ ಸ್ತೋತ್ರಾನಮ್ಮಾ? ಸ್ವಲ್ಪ ಜೋರಾಗಿ ಹೇಳು, ನಮಗೂ ಪುಣ್ಯ ಬರ್ಲಿ" ಅಂದರು.

ವ್ಯಾಕರಣವನ್ನೆಲ್ಲ ಅತ್ತಿಗೆ ಆಷಾಢಕ್ಕೆ ಮುಂದೂಡಿದ್ದಾರೆ. ಆಗ ಮುಹೂರ್ತಗಳಿಲ್ಲ, ಛತ್ರಗಳೂ ಖಾಲಿ. ಸೀರೆ ಅಂಗಡಿಗಳ ಡಿಸ್ಕೌಂಟ್ ಒಂದು ಬಿಟ್ಟರೆ ಓದಿಗೆ ಬೇರೆ ಅಡ್ಡಿಯಿಲ್ಲ.