ಮಾರ್ಚ್ 31ಕ್ಕೆ ಬಾಗಿಲು ಹಾಕುವ ಲೈಸೆನ್ಸ್ ಸರ್ವರ್ ಅವರಿಗೆ

ಗೆ,
ಶ್ರೀಮಾನ್ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಸರ್ವರ್ ಅವರು,
ಗೋಡೌನಿನ ಪಕ್ಕದ ಕೋಣೆ, ಯುಪಿಎಸ್ ಮೇಲೆ.

ವಿಷಯ: ನಮ್ಮ ದುಡ್ಡಿನ ಯಂತ್ರದೊಳಕ್ಕೆ ನಮ್ಮನ್ನೂ ಬಿಟ್ಟುಕೊಳ್ಳುವಂತೆ ಕೋರಿ.

ಮಾನ್ಯರೇ,

ನಾವು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಗಟು ದಿನಸಿ ವ್ಯಾಪಾರ ಮಾಡುವವರು. ಭದ್ರಾವತಿಯಲ್ಲೊಂದು, ಸಾಗರದಲ್ಲೊಂದು ಶಾಖೆ. ಮೂರೂ ಕಡೆಯ ಟ್ಯಾಲಿ ಲೆಕ್ಕ ಒಂದೇ ಯಂತ್ರದಲ್ಲಿರಲಿ, ಗುಮಾಸ್ತರು ಕೂತಲ್ಲಿಂದಲೇ ಬಿಲ್ ಹಾಕಲಿ ಎಂಬುದಷ್ಟೇ ನಮ್ಮ ಆಸೆ. ಈ ಆಸೆಗೆ ರಿಮೋಟ್ ಡೆಸ್ಕ್‌ಟಾಪ್ ಎಂಬ ಹೆಸರಿದೆಯೆಂದೂ ಅದರ ಬಾಗಿಲಲ್ಲಿ ತಾವು ಕುಳಿತಿದ್ದೀರೆಂದೂ ಕೊಟೇಶನ್ ಬಂದಮೇಲೆ ತಿಳಿಯಿತು.

ಯಂತ್ರದ ಪ್ರೊಸೆಸರಿನಲ್ಲಿರುವುದು 8 ಕೋರ್. ವಿಂಡೋಸ್ ಸರ್ವರ್ ಲೈಸೆನ್ಸ್ ಕೊಳ್ಳಬೇಕಾದ್ದು ಕನಿಷ್ಠ 16 ಕೋರ್‌ಗೆ. ಇಲ್ಲದ 8 ಕೋರ್‌ಗಳಿಗೂ ಶೇ. 18 ಜಿಎಸ್‌ಟಿ ಸೇರಿಸಿ ಕಟ್ಟುತ್ತಿದ್ದೇವೆ. ಎಲ್ಲಿದ್ದರೂ ಅವು ಚೆನ್ನಾಗಿರಲಿ.

ಆಮೇಲೆ ಕ್ಯಾಲ್, ಅಂದರೆ ಕ್ಲೈಂಟ್ ಆಕ್ಸೆಸ್ ಲೈಸೆನ್ಸ್. ಸರ್ವರ್ ಮುಟ್ಟುವ ಪ್ರತಿಯೊಬ್ಬರಿಗೂ ಒಂದು, ರಿಮೋಟ್ ಡೆಸ್ಕ್‌ಟಾಪಿನಲ್ಲಿ ಕೂರುವ ಪ್ರತಿಯೊಬ್ಬರಿಗೂ ಅದರ ಮೇಲೆ ಇನ್ನೊಂದು. ಕಲ್ಯಾಣ ಮಂಟಪಕ್ಕೆ ಪೂರ್ತಿ ಬಾಡಿಗೆ ಕೊಟ್ಟವರೇ ಬಾಗಿಲಲ್ಲಿ ತಲೆಗೊಂದು ಚೀಟಿ ಕೊಂಡು, ಪಂಕ್ತಿಯಲ್ಲಿ ಕೂರಲು ಮತ್ತೊಂದು ಕೊಂಡ ಹಾಗೆ. ವರ್ಷಕ್ಕೆ ಒಂದೆರಡು ಸಲ ಇಣುಕುವ ಆಡಿಟರ್ ಸಾಹೇಬರಿಗೂ ಎರಡೂ ಬೇಕು.

ಚೀಟಿ ಯಾರ ಹೆಸರಿಗೆ ಎಂಬುದು ಬೇರೆಯೇ ಪುರಾಣ. ಗೋಡೌನಿನ ಒಂದೇ ಕಂಪ್ಯೂಟರಿನಲ್ಲಿ ಪಾಳಿಯ ಮೇಲೆ ಮೂವರು ಕೂರುತ್ತಾರೆ, ಅಲ್ಲಿ ಡಿವೈಸ್ ಲೆಕ್ಕ ಅಗ್ಗ. ನಮ್ಮಣ್ಣ ಅಂಗಡಿಯ ಕಂಪ್ಯೂಟರು, ಮನೆಯ ಲ್ಯಾಪ್‌ಟಾಪು, ಮದುವೆಮನೆಯಲ್ಲಿ ಮೊಬೈಲು, ಮೂರರಲ್ಲೂ ಸ್ಟಾಕ್ ನೋಡುವವನು. ಅವನಿಗೆ ಯೂಸರ್ ಲೆಕ್ಕವೇ ಸರಿ. ಹಾಗಾದರೆ ಎಲ್ಲರಿಗೂ ಯೂಸರ್ ಕ್ಯಾಲ್ ಇರಲಿ ಎಂದರೆ ತಾವು, ‘ಡೊಮೇನ್ ಎಲ್ಲಿ?’ ಎನ್ನುತ್ತೀರಿ. ವಿಂಡೋಸ್ ಸರ್ವರಿನ 2019ರ ಆವೃತ್ತಿಯಿಂದೀಚೆಗೆ, ಡೊಮೇನಿಗೆ ಸೇರದೆ ವರ್ಕ್‌ಗ್ರೂಪಿನಲ್ಲೇ ಉಳಿದ ಸರ್ವರಿಗೆ ಯೂಸರ್ ಕ್ಯಾಲ್ ಹಾಕಿದರೆ ಕೆಲಸ ಮಾಡುತ್ತಿರುವವನನ್ನು 60 ನಿಮಿಷಕ್ಕೆ ಹೊರದಬ್ಬುತ್ತೀರಿ. ಡೊಮೇನ್ ಕಟ್ಟಲು ಹತ್ತು ಜನರ ಅಂಗಡಿಗೆ ಆಕ್ಟಿವ್ ಡೈರೆಕ್ಟರಿ! ಯಾರು ಯಾರೆಂದು ಗುರುತು ಹಿಡಿಯಲು ನಮಗೆ ಕ್ಯಾಷ್ ಕೌಂಟರಿನ ಚಿಕ್ಕಪ್ಪ ಸಾಕಿತ್ತು.

2016ರ ಹಳೇ ಕ್ಯಾಲ್‌ಗಳನ್ನು 2022ರ ಸರ್ವರಿಗೆ ತಂದರೆ ತಾವು ತಲೆಯೆತ್ತಿಯೂ ನೋಡುವುದಿಲ್ಲ ಎಂಬುದನ್ನು ಬಿಡಿ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಆಫೀಸ್ ತಮ್ಮ ಮನೆಯಲ್ಲಿ ಓಡುವುದಿಲ್ಲ ಎಂಬುದನ್ನೂ ಬಿಡಿ.

ಬಿಡಲಾಗದ್ದು ತಮ್ಮ ಔದಾರ್ಯ. ಇಷ್ಟೆಲ್ಲ ಕಟ್ಟುನಿಟ್ಟಿನ ತಾವು ಮೊದಲ 120 ದಿನ ಯಾರನ್ನೂ ಏನೂ ಕೇಳುವುದಿಲ್ಲ. ಕ್ಯಾಲ್ ಇದ್ದವರು, ಇಲ್ಲದವರು, ಎಲ್ಲರೂ ಒಳಗೆ. ಮೂಲೆಯಲ್ಲೊಂದು ಪುಟ್ಟ ಸೂಚನೆ ತೋರಿಸುತ್ತೀರಿ ನಿಜ, ಅದೂ ಅಡ್ಮಿನ್ ಲಾಗಿನ್ ಆದಾಗ. ನಮ್ಮಂಥ ಅಂಗಡಿಗಳಲ್ಲಿ ಅಡ್ಮಿನ್ ಎಂದರೆ ಸರ್ವರ್ ಕೂರಿಸಿ ದುಡ್ಡು ಎಣಿಸಿಕೊಂಡು ಹೋದ ಹುಡುಗ. ಡಿಸೆಂಬರ್ 1ರಂದು ಕೂರಿಸಿದ ಸರ್ವರಿಗೆ ಆ 120 ದಿನ ಯಾವತ್ತಿಗೆ ತುಂಬುತ್ತದೆ, ಎಣಿಸಿ ನೋಡಿದ್ದೀರಾ? ಫೆಬ್ರವರಿಗೆ 28 ದಿನವಿದ್ದರೆ ಸರಿಯಾಗಿ ಮಾರ್ಚ್ 31ಕ್ಕೆ. ಇಡೀ ಬಜಾರು ವರ್ಷದ ಲೆಕ್ಕ ಮುಗಿಸಲು ಕೂತ ಸಂಜೆಯೇ, ಅಷ್ಟರಲ್ಲಿ ಕ್ಯಾಲ್ ಹಾಕಿಸಿರದಿದ್ದರೆ, ತಾವು ಬಾಗಿಲು ಹಾಕಿ, ಲೈಸೆನ್ಸ್ ಕೊಡುವವರು ಯಾರೂ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬೋರ್ಡು ನೇತುಹಾಕುತ್ತೀರಿ. ಆಡಳಿತದ ಕೆಲಸಕ್ಕೆಂದು ಎರಡು ಕಿಂಡಿ ಮಾತ್ರ ತೆರೆದಿರುತ್ತವೆ. ಆ ರಾತ್ರಿ ಅಂಗಡಿಯ ಸಮಸ್ತರೂ ಅಡ್ಮಿನ್‌ಗಳಾಗುತ್ತಾರೆ.

ಮತ್ತೆ ಅದೇ ಹುಡುಗನಿಗೆ ಫೋನು. ರಿಜಿಸ್ಟ್ರಿಯಲ್ಲಿ ಗ್ರೇಸ್ ಪೀರಿಯಡ್ಡಿನ ಗುರುತು ಅಳಿಸಿದರೆ ಇನ್ನೊಂದು 120 ದಿನ ಎನ್ನುತ್ತಾನೆ. ಹೆಚ್ಚು ಧೈರ್ಯವಂತನಾದರೆ, ‘ಕ್ಯಾಲೂ ಬೇಡ ಸರ್ವರೂ ಬೇಡ, ಕಳ್ಳಪ್ರತಿ ವಿಂಡೋಸ್ ಹಾಕಿ ಒಂದು ಫೈಲು ತಿದ್ದಿಕೊಡ್ತೀನಿ, ಎಲ್ಲರೂ ಕೂರಬಹುದು ಸಾರ್’ ಎನ್ನುತ್ತಾನೆ. ಕಳ್ಳಪ್ರತಿಯೆಂದು ಗೊತ್ತಿದ್ದೂ ಬಳಸಿದವರಿಗೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅಲ್ಲಿ ಗ್ರೇಸ್ ಪೀರಿಯಡ್ ಇಲ್ಲ.

ಹೋಗುವಾಗ ಆ ಹುಡುಗ, ಶಾಖೆಯವರಿಗೆ ಅನುಕೂಲವಾಗಲೆಂದು, ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ಇಡೀ ಲೋಕಕ್ಕೆ ತೆರೆದಿಟ್ಟು ಹೋಗುತ್ತಾನೆ. 2019ರ ಮೇ ತಿಂಗಳಲ್ಲಿ ಇದೇ ಸೇವೆಯಲ್ಲಿ ಬ್ಲೂಕೀಪ್ ಎಂಬ ಬಿರುಕು ಬಯಲಾದಾಗ, ಎಂದೋ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಅಪ್‌ಡೇಟ್ ಬಿಡಬೇಕಾಗಿ ಬಂದಿತ್ತು. ತಮಗೆ ಅದರ ಚಿಂತೆಯಿಲ್ಲ. ಅಡ್ಮಿನ್ ಪಾಸ್‌ವರ್ಡ್ ಊಹಿಸಿಕೊಂಡು ಬಂದ ಕಳ್ಳ ಆ ಆಡಳಿತದ ಕಿಂಡಿಯಿಂದ ನುಸುಳಿದರೆ ಅವನ ಬಳಿ ತಾವು ಕ್ಯಾಲ್ ಕೇಳುವುದಿಲ್ಲ. ಕೇಳುವುದು ಸಾಗರದ ಗುಮಾಸ್ತನನ್ನು.

ಕ್ಯಾಲ್ ಬೇಡವೆಂದು ನಾವು ವಾದಿಸುತ್ತಿಲ್ಲ. ಮೊದಲ ದಿನವೇ, ಕೂರಿಸಿದ ಹುಡುಗನ ಮುಂದಲ್ಲ, ದುಡ್ಡು ಕೊಟ್ಟವನ ಮುಂದೆ ಪೂರ್ತಿ ಬಿಲ್ ಇಡಿ. ಬಾಗಿಲು ಹಾಕುವ ತಾರೀಕನ್ನು ಗುಮಾಸ್ತರಿಗೂ ಕಾಣುವ ಹಾಗೆ, ಸಾಧ್ಯವಾದರೆ ಕನ್ನಡದಲ್ಲಿ, ಬರೆದು ಹಾಕಿ.

ಇಂತಿ ತಮ್ಮ ಬಾಗಿಲಲ್ಲಿ ನಿಂತ,
ಒಬ್ಬ ವರ್ತಕ

ಪ್ರತಿ: ಬಜಾರಿನ ವರ್ತಕ ಬಂಧುಗಳಿಗೆ. ಸರ್ವರಿಗೆ ಆರ್ಡರ್ ಕೊಡುವ ಮುಂಚೆ ಜನ ಎಷ್ಟು, ಕಂಪ್ಯೂಟರ್ ಎಷ್ಟು ಎಂದು ಬೇರೆ ಬೇರೆ ಬರೆದಿಡಿ. ಕೊಟೇಶನ್ನಿನಲ್ಲಿ ಸರ್ವರಿನ ಕ್ಯಾಲ್, ರಿಮೋಟ್ ಡೆಸ್ಕ್‌ಟಾಪಿನ ಕ್ಯಾಲ್ ಎರಡೂ ಇವೆಯೇ ನೋಡಿ, ಇಲ್ಲದಿದ್ದರೆ ಸಹಿ ಹಾಕಬೇಡಿ. ಶಾಖೆಗಳಿಗೆ ವಿಪಿಎನ್ ಹಾಕಿಸಿ, 3389 ಇವತ್ತೇ ಮುಚ್ಚಿಸಿ.