ಬ್ರಿಯೋಶಿನ ಕುಲಗೋತ್ರ

ಬೆಂಗಳೂರಿನ ಬರ್ಗರ್ ಅಂಗಡಿಗಳಲ್ಲಿ ಈಗ ಬರೀ 'ಬನ್' ಎಂದರೆ ಮರ್ಯಾದೆ ಸಾಲದು, 'ಬ್ರಿಯೋಶ್ ಬನ್' ಎನ್ನಬೇಕು. ಗಿರಾಕಿಗಳು ಬ್ರಯೋಚೆ, ಬ್ರಿಯೋಚ್ ಎಂದು ಬಾಯಿಗೆ ಬಂದಂತೆ ಕರೆಯುತ್ತಾರೆ. ಮಾಣಿ ಎಲ್ಲದಕ್ಕೂ ತಲೆಯಾಡಿಸುತ್ತಾನೆ.

ಹೆಸರು ಮಾಡಿದವರಿಗೆಲ್ಲ ದೊಡ್ಡ ಮನೆತನವೊಂದನ್ನು ಹುಡುಕಿಕೊಡುವವರು ಇದ್ದೇ ಇರುತ್ತಾರೆ. ಮೊಟ್ಟೆ, ಬೆಣ್ಣೆ ಧಾರಾಳವಾಗಿ ಬೀಳುವ ಈ ಫ್ರೆಂಚ್ ಸಿಹಿ ಬ್ರೆಡ್ಡಿಗೂ ಸಿಕ್ಕರು. ಮೊದಲು ಹಿಟ್ಟಿಗೆ ಬ್ರೀ ಸೀಮೆಯ ಚೀಸ್ ಹಾಕಿ ಕಲಸುತ್ತಿದ್ದರು, ಅದಕ್ಕೇ ಈ ಹೆಸರು ಎಂದವನು 'ತ್ರೀ ಮಸ್ಕೆಟಿಯರ್ಸ್' ಬರೆದ ಅಲೆಕ್ಸಾಂಡರ್ ಡ್ಯೂಮಾ. ಕಾದಂಬರಿಕಾರ, ಸಾಕ್ಷಿ ಕೇಳಬಾರದು. ಬ್ರಿಟನಿಯ ಸಾಂ-ಬ್ರಿಯೂ ಊರಿಗೆ ಗಂಟು ಹಾಕಿದವರೂ ಉಂಟು.

ನಿಘಂಟುಕಾರರ ಮಾತಿಗೆ ಅಷ್ಟು ರಂಗಿಲ್ಲ. ನಾರ್ಮಂಡಿಯ ಆಡುಮಾತಿನಲ್ಲಿ 'ಬ್ರಿಯೇ' ಅಂದರೆ ನಾದುವುದು. ಬ್ರಿಯೋಶ್ ಅಂದರೆ ನಾದಿದ್ದು. ಅಷ್ಟೇ! ನಾದುವುದೂ ಬರಿಗೈಯಲ್ಲಲ್ಲ. ಉದ್ದನೆಯ ಮರದ ದಂಡದ ಒಂದು ತುದಿಯನ್ನು ಮೇಜಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು, ಗಟ್ಟಿ ಹಿಟ್ಟನ್ನು ಮಡಚಿ ಮಡಚಿ ಅದುಮಬೇಕು. ರಟ್ಟೆ ಬಿದ್ದುಹೋಗುವ ಕೆಲಸ. ಅದೇ ಮಾತಿನಿಂದ ಹುಟ್ಟಿದ 'ಪಾಂ ಬ್ರಿಯೇ' ಎಂಬ ಬ್ರೆಡ್ಡು ನಾರ್ಮಂಡಿಯಲ್ಲಿ ಇವತ್ತಿಗೂ ಇದೆ: ಒತ್ತಾದ ತಿರುಳು, ಬಿಗಿಯಾದ ಮೈ. ಒಂದೇ ಬಸುರಿನ ಇಬ್ಬರಲ್ಲಿ ಒಬ್ಬ ಗಟ್ಟಿಗ, ಇನ್ನೊಬ್ಬ ಸುಕುಮಾರ. ಪೇಟೆಯಲ್ಲಿ ಹೆಸರು ಸುಕುಮಾರನಿಗೇ.

ಫ್ರೆಂಚರ ಬಾಯಲ್ಲಿ 'ಬ್ರಿಯೋಶ್ ಮಾಡಿದ' ಅಂದರೆ ಎಡವಟ್ಟು ಮಾಡಿದ ಎಂದೂ ಆಗುತ್ತಿತ್ತು. ಪ್ಯಾರಿಸ್ಸಿನ ಆಪೆರಾದಲ್ಲಿ ಅಪಸ್ವರ ನುಡಿಸಿದ ವಾದ್ಯಗಾರನಿಗೆ ದಂಡ ಹಾಕಿ, ಆ ದುಡ್ಡಿನಲ್ಲಿ ಬ್ರಿಯೋಶ್ ತರಿಸಿ ಎಲ್ಲರೂ ತಿನ್ನುತ್ತಿದ್ದರಂತೆ. ಪಕ್ಕದವನು ಯಾವಾಗ ತಪ್ಪುತ್ತಾನೋ ಎಂದು ಹಸಿದು ಕೂತವರ ಸಂಗೀತ ಹೇಗಿತ್ತೋ! ತಿಂದು ತಿಂದು ಮುಂದೆ ಬಂದ ಹೊಟ್ಟೆಗೂ ಅಲ್ಲಿ ಬ್ರಿಯೋಶ್ ಎಂದೇ ಹೆಸರು.

ಇನ್ನು, ಬ್ರೆಡ್ಡಿಲ್ಲದಿದ್ದರೆ ಕೇಕ್ ತಿನ್ನಲಿ ಎಂದು ಫ್ರಾನ್ಸಿನ ರಾಣಿ ಮಾರಿ ಆಂಟೊನೆಟ್ ಹೇಳಿದಳೆನ್ನುವ ಮಾತು. ಮೂಲದಲ್ಲಿ ಕೇಕೂ ಇಲ್ಲ, ಅವಳೂ ಇಲ್ಲ; ಇರುವುದು ಬ್ರಿಯೋಶ್ ಮತ್ತು ಹೆಸರಿಲ್ಲದ ಒಬ್ಬ ರಾಜಕುಮಾರಿ. ಹೇಳಿದವನು ತತ್ತ್ವಜ್ಞಾನಿ ರೂಸೋ, ತನ್ನ ಆತ್ಮಕಥೆಯಲ್ಲಿ. 1740ರ ಸುಮಾರಿಗೆ ಲಿಯಾನ್‌ನಲ್ಲಿ ಮನೆಪಾಠ ಹೇಳಿಕೊಡುತ್ತಿದ್ದಾಗ ಯಜಮಾನರ ಬಿಳಿ ವೈನ್ ಕದ್ದಿದ್ದ. ನೆಂಚಿಕೊಳ್ಳಲು ಬ್ರೆಡ್ಡು ಬೇಕು. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ದೊಡ್ಡಮನುಷ್ಯ ಬ್ರೆಡ್ಡಿನ ಅಂಗಡಿಯಲ್ಲಿ ನಿಲ್ಲುವುದೇ? ಆಗ ನೆನಪಾದದ್ದು ಆ ರಾಜಕುಮಾರಿಯ ಮಾತು. ಸರಿ, ಬ್ರಿಯೋಶೇ ಇರಲಿ ಎಂದು ಹೊರಟ. ಅದಕ್ಕೂ ನೂರು ಸಂಕೋಚ: ಅಂಗಡಿಯಲ್ಲಿ ಒಬ್ಬರೇ ಇರಬೇಕು, ಅವರ ಮುಖವೂ ಹಿಡಿಸಬೇಕು. ಕೆಲವೊಮ್ಮೆ 30 ಅಂಗಡಿ ದಾಟಿ ಹೋದದ್ದೂ ಉಂಟಂತೆ. ತಂದದ್ದನ್ನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಒಂದು ಪುಟ ಓದು, ಒಂದು ತುತ್ತು ಬ್ರಿಯೋಶ್, ನಡುನಡುವೆ ಕದ್ದ ವೈನ್. ಮಾತಿನ ಅಪವಾದ ಹೊರಬೇಕಾದ ರಾಣಿ ವಿಯೆನ್ನಾದಲ್ಲಿ ಹುಟ್ಟಿದ್ದು 1755ರಲ್ಲಿ.