ಕಂತೆಗೆ ತಕ್ಕ ಬೊಂತೆ

ಮೊದಲ ತಪ್ಪು ಇಲಿಯದು. ಮಿಕ್ಕದ್ದೆಲ್ಲ ನನ್ನದು.

ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ಆಯಿ ಹೊಲಿದ ಕೌದಿಯೊಂದು ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತ ಇಪ್ಪತ್ತು ವರ್ಷದಿಂದ ಮಲಗಿತ್ತು. ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಹೊದ್ದರೆ ಎದೆಯ ಮೇಲೆ ಯಾರೋ ಕೂತಂಥ ಭಾರ, ಒಗೆದರೆ ಮೂರು ದಿನ ಒಣಗದು. ಕಳೆದ ದೀಪಾವಳಿಗೆ ಅಟ್ಟ ಝಾಡಿಸುವಾಗ ಇಳಿಸಿ ನೋಡಿದರೆ ಒಂದು ಮೂಲೆಯನ್ನು ಇಲಿ ಅಂಗೈ ಅಗಲ ತಿಂದುಹಾಕಿತ್ತು.

“ಕಾರ್ ಒರಸಾಕ ಭೇಷ್ ಆಗ್ತದ ಬಿಡ್ರಿ” ಎಂದಳು ಹೆಂಡತಿ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಎಂಟು ತಿಂಗಳು ಮನೆಯಲ್ಲಿ ಕೂತವನಿಗೆ ಪರಂಪರೆ ನೆನಪಾಗಲು ಇಷ್ಟು ಸಾಕಾಯಿತು. ಆ ಒಂದೇ ಮಧ್ಯಾಹ್ನ ‘ಪರಂಪರೆ’ ಎಂಬ ಶಬ್ದ ನನ್ನ ಬಾಯಿಂದ ಹನ್ನೊಂದು ಸಲ ಬಂತೆಂದು ಅವಳು ಲೆಕ್ಕ ಇಟ್ಟಿದ್ದಾಳೆ. ಲೆಕ್ಕದಲ್ಲಿ ಅವಳು ತಪ್ಪುವವಳಲ್ಲ.

ನನ್ನ ಉರಿಗೆ ತುಪ್ಪ ಸುರಿದವನು ಅಮೆರಿಕದ ಮಗ, ಒಂದು ಲೇಖನ ಕಳಿಸಿ. ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿ. ಅಲ್ಲಿಯ ಕರಿಯ ಹೆಣ್ಣುಮಕ್ಕಳು ಥೇಟ್ ನಮ್ಮ ಆಯಿಯ ಹಾಗೇ ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು. 2006ರಲ್ಲಿ ಅಂಚೆ ಚೀಟಿಯ ಮೇಲೂ ಬಂದವು. ಅವರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ 1942ರಲ್ಲಿ, ತೀರಿಹೋದ ಗಂಡನ ಹೊಲದ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಮಾಡಿ, ಅದನ್ನೇ ಹೊದ್ದು ಮಲಗಿದಳಂತೆ. ಇದನ್ನು ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು.

“ಅಕಿ ಗಂಡ ಸತ್ತ ಮ್ಯಾಲೆ ಹೊಲದಾಳ್ರೀ” ಎಂದಳು ಹೆಂಡತಿ, ಮೆಂತ್ಯ ಸೋಸುತ್ತ. “ನಿಮ್ಮ ಪ್ಯಾಂಟಿಗೆ ನಾ ಏನೂ ಅವಸರ ಮಾಡಿಲ್ಲ.”

ಕೌದಿಯ ಇತಿಹಾಸ ಬರೆದಿಡಲು ಒಂದು ಉದ್ದನೆಯ ರಿಜಿಸ್ಟರ್ ತಂದೆ. ಒಂದೊಂದು ತುಂಡಿಗೂ ಕ್ರಮಸಂಖ್ಯೆ, ಬಣ್ಣ, ಮೂಲ ಒಡೆಯರು, ಷರಾ. ಸಾಕ್ಷಿಗೆ ಎಂಬತ್ತಾರು ವಯಸ್ಸಿನ ಸೋದರತ್ತೆಯನ್ನು ಧಾರವಾಡದಿಂದ ಕರೆಸಿದೆ.

ಮೊದಲನೆಯ ನಮೂದು ಸಲೀಸಾಗಿ ಆಯಿತು. ಕೆಂಪು ಪಟ್ಟಿ, ಅದರೊಳಗೆ ಗುಡಿಯ ಗೋಪುರದಂತೆ ಸಾಲಾಗಿ ಎದ್ದ ಬಿಳಿ ಹಲ್ಲು. “ನಮ್ಮವ್ವನ ಇಳಕಲ್ಲ ಸೀರಿ ಸೆರಗು. ಟೋಪ ತೆನಿ” ಎಂದಳು ಅತ್ತಿ, ಕೈಯಾಡಿಸಿದಷ್ಟಕ್ಕೇ. ಮೈಯ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕಿ ಕೂಡಿಸುವುದು ಇಳಕಲ್ಲಿನ ನೇಯ್ಗೆಯ ಕಸುಬು. ಆ ಕೂಡು ತುಂಡಿನ ನಡುವೆ ಹಾಗೇ ಇತ್ತು. ಮೈ ಜಾಳಾಗಿತ್ತು, ಸೆರಗು ಹಿಂಜಿತ್ತು, ಕೊಂಡಿ ಮಾತ್ರ ಜಪ್ಪೆನ್ನದೆ ಕೂತಿತ್ತು. ನಾನು ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿದೆ.

ಎರಡನೆಯ ನಮೂದಿನಿಂದ ಇತಿಹಾಸ ದಾರಿ ಬಿಟ್ಟಿತು. ಹಸಿರು ಖಣದ ತುಂಡು ಸೋಮವಾರ ಅತ್ತಿಯ ಸ್ವಂತ ಕುಪ್ಪಸ, ಮಂಗಳವಾರ ಅವಳ ನಾದಿನಿಯದು, ಬುಧವಾರ “ಯಾರದೋ ಏನೋ, ಸುಡ್ಲಿ, ಚಾ ಮಾಡ್ಸು.” ಷರಾ ಕಾಲಮ್ಮಿನಲ್ಲಿ ಮೂರನ್ನೂ ಬರೆದೆ.

ಆದರೆ ನನ್ನ ಕಣ್ಣಿದ್ದದ್ದು ಇಲಿ ಕಡಿದ ಮೂಲೆಯ ಪಕ್ಕದ ದೊಡ್ಡ ಬಿಳಿ ತುಂಡಿನ ಮೇಲೆ. ಅದು ಅಜ್ಜನ ಖಾದಿ ಧೋತರ. 1942ರ ಚಲೇಜಾವ್ ಚಳವಳಿಯಲ್ಲಿ ಅಜ್ಜ ಉಟ್ಟದ್ದು. ಹಾಗಂತ ನಾನು ಸಣ್ಣವನಿದ್ದಾಗಿಂದ ಕೇಳಿದ್ದೆ. ಕೇಳಿದ್ದಕ್ಕಿಂತ ಹೆಚ್ಚು ಹೇಳಿದ್ದೆ. ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಕೂಡ ಹೇಳಿದ್ದೇನೆ, ಮ್ಯಾನೇಜರು ಕಣ್ಣೊರೆಸಿಕೊಂಡಿದ್ದರು. ಇಲಿ ಸಡಿಲ ಮಾಡಿದ್ದ ಹೊಲಿಗೆಯನ್ನು ಮೆಲ್ಲಗೆ ಬಿಚ್ಚಿ, ಆ ಪವಿತ್ರ ತುಂಡನ್ನು ಮಗುಚಿದೆ.

ಒಳಮಗ್ಗಲಿಗೆ ಮಸುಕಾದ ನೀಲಿ ಕೆಂಪಿನಲ್ಲಿ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಕೆಳಗೆ ಇಂಗ್ಲಿಷಿನಲ್ಲಿ: ಅಮೆರಿಕದ ಜನತೆಯ ಕೊಡುಗೆ, ಮಾರುವಂತಿಲ್ಲ, ವಿನಿಮಯ ಮಾಡುವಂತಿಲ್ಲ.

“ಅಯ್ಯ, ಶಾಲಿ ಉಪ್ಪಿಟ್ಟಿನ ಹಿಟ್ಟಿನ ಚೀಲಲ್ಲೇನೋ ಅದು!” ಎಂದಳು ಅತ್ತಿ, ಹಳೆಯ ಗೆಳತಿ ಸಿಕ್ಕ ಸಂಭ್ರಮದಲ್ಲಿ. ಹೌದು. ಆಗ ಬಡ ಶಾಲೆಗಳ ಮಕ್ಕಳಿಗೆ ಅಮೆರಿಕದ ಹಿಟ್ಟು ಬರುತ್ತಿತ್ತು. ಅಜ್ಜ ಹೆಡ್ ಮಾಸ್ತರ. ಖಾಲಿ ಚೀಲ ಮನೆಗೆ ಬಂದಿದೆ. ಆಯಿ ಅಕ್ಷರ ಒಳಗೆ ಹೋಗುವಂತೆ ಮಗುಚಿ ಹೊಲಿದಿದ್ದಾಳೆ. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೂ ಶರ್ತು ಮುರಿದಿಲ್ಲ: ಮಾರಲೂ ಇಲ್ಲ, ವಿನಿಮಯ ಮಾಡಲೂ ಇಲ್ಲ.

“ಮತ್ತ ಅಜ್ಜನ ಖಾದಿ?”

“ನಮ್ಮಪ್ಪ ಯಾವಾಗ ಖಾದಿ ಉಟ್ಟಾನೋ ಖೋಡಿ? ಚುಚ್ಚತದ ಅಂತ ಮಿಲ್ ಧೋತರಾನ ಉಡ್ತಿದ್ದ.”

ಹೆಂಡತಿ ಅಡಿಗೆಮನೆಯಿಂದ, “ಮಗಗ ಫೋಟೋ ಕಳಸ್ರಿ, ಅವರ ಚೀಲ ಅವರಿಗೇ ತೋರಸ್ಲಿ” ಎಂದಳು. ನಾನು ರಿಜಿಸ್ಟರ್ ಮುಚ್ಚಿಟ್ಟೆ. ಇನ್ನು ಕೆಲಸ ಮಾತಾಡಬೇಕು. ಹರಿದದ್ದನ್ನು ನಾನೇ ಹೊಲಿಯುತ್ತೇನೆ ಎಂದು ಸಾರಿ, ಪೇಟೆಯಿಂದ ಮೂರು ದೊಡ್ಡ ಸೂಜಿ, ಒಂದು ಉಂಡೆ ಬಿಳಿ ದಾರ ತಂದೆ.

ಹಿಂದೆ ನಮ್ಮ ಓಣಿಯಲ್ಲಿ ಇದಕ್ಕೆ ಯಾರೂ ಪುಸ್ತಕ ನೋಡಿದ್ದಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಹಳೆ ಸೀರೆ ಹಾಸಿ, ಅದರ ಮೇಲೆ ತುಂಡು ಜೋಡಿಸಿ, ನಾಲ್ಕು ಮಂದಿ ನಾಲ್ಕು ಕಡೆ ಕೂತರೆ ಆಯಿತು. ಬಾಯಿ ಒಂದು ಕಡೆ ಓಣಿಯವರ ಮಾನ ಬಿಚ್ಚುತ್ತಿತ್ತು, ಕೈ ಇನ್ನೊಂದು ಕಡೆ ಹೊಲಿಯುತ್ತಿತ್ತು. ನಾನೋ ಓದಿಕೊಂಡವನು. ಅಮೆರಿಕದ ವೀಡಿಯೋ ನೋಡಿದೆ: ನಡುವಿನಿಂದ ಶುರುಮಾಡಿ ಅಂಚಿನ ಕಡೆ ಹೊಲಿಯಿರಿ, ಬಟ್ಟೆ ಸುಕ್ಕಾಗದು ಎಂದಿತು. ಹಾಗೇ ಅರ್ಧ ಮುಗಿಸಿದೆ. ಆಮೇಲೆ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯ ವಿಷಯ ಓದಿದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು. ಅವರು ಮೂಲೆಯಿಂದ ಶುರುಮಾಡಿ, ಅಂಚು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ಮೂಲೆಗಳಿಗೆ ‘ಫುಲ’ ಎಂಬ ಹೂವು, ಅಂದರೆ ಮುಕ್ಕೋನದ ತುಂಡುಗಳನ್ನು, ಇಡುತ್ತಾರೆ; ಅದಿಲ್ಲದೆ ಕೌದಿ ಪೂರ್ತಿ ಆದಂತಲ್ಲ. ಇದೇ ನಮ್ಮ ನೆಲದ ಕ್ರಮ ಎಂದು ಉಳಿದರ್ಧವನ್ನು ಮೂಲೆಯಿಂದ ಹೊಲಿಯುತ್ತ ಬಂದೆ.

ಎರಡೂ ಪಂಥಗಳು ಎದುರುಬದುರಾದ ಕಡೆ ಹೆಚ್ಚಾದ ಬಟ್ಟೆಗೆ ಹೋಗಲು ಜಾಗವಿಲ್ಲದೆ, ಕೌದಿಯ ಮಧ್ಯೆ ಹೂರಣ ಹೆಚ್ಚಾದ ಹೋಳಿಗೆಯಂತೆ ಒಂದು ಗುಬ್ಬು ಎದ್ದಿತು. ಅದನ್ನು ಒತ್ತಿ ಕೂರಿಸಿ, ಮೇಲೊಂದು ಫುಲ ಹೊಲಿದು ಮುಚ್ಚಿ, ಗೆದ್ದ ಖುಷಿಯಲ್ಲಿ ಎದ್ದು ನಿಂತೆ. ಕೌದಿಯೂ ಎದ್ದು ನಿಂತಿತು. ಕೊನೆಯ ಮೂರು ಸಾಲು ನನ್ನ ಲುಂಗಿಯನ್ನೂ ಹಿಡಿದು ಹೊಲಿದಿದ್ದವು.

“ಕಂತಿಗೆ ತಕ್ಕ ಬೊಂತಿ” ಎಂದಳು ಅತ್ತಿ. ಕಂತೆ ಎಂದರೂ ಕೌದಿಯೇ, ಬೊಂತೆ ಎಂದರೂ ಕೌದಿಯೇ; ನನ್ನನ್ನು ಯಾವುದೆಂದಳೋ ಕೇಳಲಿಲ್ಲ.

ಲುಂಗಿಯನ್ನು ಕತ್ತರಿಸಿ ಬಿಡಿಸಿಕೊಂಡ ಮೇಲೆ ಸಾಮಾನು ಎಣಿಸಿದೆ. ದಿನದ ಕೊನೆಗೆ ನಗದು ಎಣಿಸಿದ ಕೈ ಇದು. ಸೂಜಿ ಎರಡೇ ಇದ್ದವು.

ನೆಲ ಗುಡಿಸಿದೆವು. ಚಾಪೆ ಝಾಡಿಸಿದೆವು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ಮಗ ತಂದ ಲಿಬರ್ಟಿ ಪ್ರತಿಮೆಯ ಅಯಸ್ಕಾಂತವನ್ನು ಕಿತ್ತು, ಕೌದಿಯ ಮೇಲೆ ಅಂಗುಲ ಅಂಗುಲ ಎಳೆದೆ. ನಡುವಿನ ಗುಬ್ಬಿನ ಹತ್ತಿರ ಅದು ಸಣ್ಣಗೆ ಹಿಡಿಯಿತು. ನಾಲ್ಕು ಪದರ ಬಿಚ್ಚಿದರೆ ಸಿಕ್ಕದ್ದು ತುಕ್ಕು ಹಿಡಿದ ಒಂದು ಸೇಫ್ಟಿ ಪಿನ್, ಆಯಿಯ ಕಾಲದ್ದು. “ಅಯ್ಯ, ಇದು ನಂದ!” ಎಂದು ಅತ್ತಿ ಸೆರಗಿಗೆ ಸಿಕ್ಕಿಸಿಕೊಂಡಳು. ಸೂಜಿ ಸಿಕ್ಕಲಿಲ್ಲ.

ಅದು ಕೌದಿಯೊಳಗೇ ಎಲ್ಲೋ ಇದೆ. ಹೊದೆಯುವಂತಿಲ್ಲ, ಹಾಸುವಂತಿಲ್ಲ, ಮೊಮ್ಮಗ ಬಂದರೆ ಹತ್ತಿರ ಬಿಡುವಂತಿಲ್ಲ. ಕಾರು ಒರೆಸಲೂ ಹೆಂಡತಿ ಈಗ ಒಲ್ಲೆ ಎನ್ನುತ್ತಾಳೆ. ಎಸೆಯೋಣವೆಂದರೆ ‘ಪರಂಪರೆ’ ಎಂದು ಹನ್ನೊಂದು ಸಲ ಹೇಳಿದ ಬಾಯಿ. ನಾಲ್ಕು ಮೊಳೆ ಹೊಡೆದು ಪಡಸಾಲೆಯ ಗೋಡೆಗೆ, ಕೈಗೆ ಎಟುಕದಷ್ಟು ಮೇಲೆ, ತೂಗುಬಿಟ್ಟೆ.

ಮೊನ್ನೆ ಕನ್ನಡದ ಪ್ರಾಧ್ಯಾಪಕರಾಗಿದ್ದ ಗೆಳೆಯರೊಬ್ಬರು ಬಂದಿದ್ದರು. ಬಹಳ ಹೊತ್ತು ಕತ್ತೆತ್ತಿ ನೋಡಿದರು. “ಹಿರಿಯರು ಹೊದ್ದು ಬಿಟ್ಟದ್ದನ್ನ ಎಂಥಾ ಎತ್ತರಕ್ಕ ಏರಿಸೀರಿ!” ಎಂದು ಸ್ಟೂಲು ಎಳೆದುಕೊಂಡು ಹತ್ತಿ, ಭಕ್ತಿಯಿಂದ ಅಂಗೈ ಚಾಚಿದರು.

“ಮುಟ್ಟಬ್ಯಾಡ್ರಿ!” ಎಂದು ನಾನು, ಹೆಂಡತಿ ಒಟ್ಟಿಗೇ ಕೂಗಿದೆವು.

ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಸ್ಟೂಲಿನ ಮೇಲೆ ನಿಂತಲ್ಲೇ ಕೌದಿಗೆ ನಮಸ್ಕಾರ ಮಾಡಿದರು.